ಟಿ.ಸಿ. ಬರೆಯುವ ಮುನ್ನ

ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ಪಾಠ ಮಾಡುವ ಕರ್ನಾಟಕದ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ನಾನೂ ಜೀವಶಾಸ್ತ್ರ ಪಾಠ ಮಾಡಿಕೊಂಡೇ ನಿವೃತ್ತಳಾದವಳು. ಈಗ ಕರೆದ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕೂತು ಮಾತಾಡುತ್ತೇನೆ. ಹೋದ ಕಡೆಯಲ್ಲೆಲ್ಲ ಮುಖ್ಯ ಶಿಕ್ಷಕರು ದನಿ ತಗ್ಗಿಸಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಮೇಡಂ, ಯಾವ್ಯಾವ ಹುಡುಗ್ರು ಹಾಳಾಗಿದಾರೆ ಅಂತ ಒಂದು ಲಿಸ್ಟ್ ಮಾಡಿಕೊಟ್ಟುಬಿಡಿ. ಪೋಷಕರನ್ನ ಕರೆಸಿ ಟಿ.ಸಿ. ಕೊಟ್ಟು ಕಳಿಸ್ತೀವಿ. ಉಳಿದ ಮಕ್ಕಳಾದ್ರೂ ನೆಟ್ಟಗಿರಲಿ." ಅವರ ಕಳಕಳಿ ಸುಳ್ಳಲ್ಲ. ಆದರೆ ಆ ಲಿಸ್ಟನ್ನು ನಾನು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಜೂನ್ 26ರ ವಿಷಯ. ಅಂತರರಾಷ್ಟ್ರೀಯ ಮಾದಕವಸ್ತು ವಿರೋಧಿ ದಿನದಂದು ನಮ್ಮ ಶಾಲೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಪ್ರಾರ್ಥನೆ ಮುಗಿದ ಮೇಲೆ ಪ್ರತಿಜ್ಞೆ, ಬ್ಯಾನರ್ ಹಿಡಿದು ಬಸ್ ನಿಲ್ದಾಣದವರೆಗೆ ಜಾಥಾ, ಠಾಣೆಯಿಂದ ಬಂದ ಸಾಹೇಬರ ಭಾಷಣ, ತಲೆಬುರುಡೆಯ ಚಿತ್ರ ಚೆನ್ನಾಗಿ ಬಿಡಿಸಿದವರಿಗೆ ಬಹುಮಾನ, ಕೊನೆಗೆ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ಎಲ್ಲರಿಗೂ ಒಂದೇ ಮಾತು, ಒಂದೇ ಬೆದರಿಕೆ. ಜ್ವರ ಯಾವುದೇ ಇರಲಿ, ಇಡೀ ಊರಿಗೆ ಒಂದೇ ಮಾತ್ರೆ ಹಂಚಿದಂತೆ.

ಈ ಮಾತ್ರೆಯನ್ನು ನಮಗಿಂತ ಮೊದಲು ಅಮೆರಿಕ ನುಂಗಿ ನೋಡಿದೆ. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ 'ಡೇರ್' ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು, 'ಬೇಡ ಅನ್ನಿ' ಎಂದು ಕಲಿಸುತ್ತಿದ್ದರು. ದೇಶದ ಬಹುಪಾಲು ಶಾಲೆಗಳಿಗೆ ಅದು ಹಬ್ಬಿತು. ಟಿ-ಶರ್ಟು, ಸ್ಟಿಕ್ಕರು, ಮೆರವಣಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಸಂಶೋಧಕರು ಆ ಪಾಠ ಕೇಳಿದ ಮಕ್ಕಳನ್ನೂ ಕೇಳದವರನ್ನೂ ಹೋಲಿಸಿ ನೋಡಿದರು. ಮಾದಕವಸ್ತು ಬಳಕೆಯ ಮಟ್ಟಿಗೆ ಎರಡೂ ಗುಂಪುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 2001ರಲ್ಲಿ ಅಲ್ಲಿನ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ ಅದನ್ನು ಫಲ ಕೊಡದ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿತು. ನಾವು ಆ ವರದಿ ಓದದೆಯೇ ಜಾಥಾ ಮುಂದುವರಿಸಿದ್ದೇವೆ.

ಭಾಷಣ ಯಾಕೆ ತಾಗುವುದಿಲ್ಲ? ಕೇಳುವ ಮಕ್ಕಳು ಒಂದೇ ಥರದವರಲ್ಲ ಎಂಬುದೇ ಮುಖ್ಯ ಕಾರಣ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಪೆಟ್ರೀಷಿಯಾ ಕಾನ್ರಾಡ್ ಮತ್ತು ಅವರ ಸಂಗಡಿಗರು ವರ್ಷಾನುಗಟ್ಟಲೆ ಇದನ್ನೇ ಕೆದಕಿ ನೋಡಿದ್ದಾರೆ. ಎಳೆಯ ವಯಸ್ಸಿನಲ್ಲಿ ಕುಡಿತಕ್ಕೋ ಹೊಗೆಗೋ ಮಾತ್ರೆಗೋ ಬೀಳುವ ಮಕ್ಕಳಲ್ಲಿ ನಾಲ್ಕು ಬಗೆಯ ಸ್ವಭಾವಗಳು ಮತ್ತೆ ಮತ್ತೆ ಎದುರಾಗುತ್ತವೆ ಎಂಬುದು ಅವರ ಮಾತು. 23 ಹೇಳಿಕೆಗಳ ಒಂದು ಸಣ್ಣ ಪ್ರಶ್ನಾವಳಿಯಿಂದ ಅದನ್ನು ಅಳೆಯುತ್ತಾರೆ. ಆ ನಾಲ್ಕೂ ಸ್ವಭಾವಗಳು ನಿಮ್ಮ ತರಗತಿಯಲ್ಲೇ ಕೂತಿವೆ.

ಒಂದು, ದುಡುಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವವನು, ಬಾಯಿಗೆ ಬಂದದ್ದನ್ನು ಆಡಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುವವಳು, ಬಿಸಿಯೂಟದ ಸಾಲಿನಲ್ಲಿ ನಿಲ್ಲಲಾಗದವನು. ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಕೈಗೂ ತಲೆಗೂ ನಡುವೆ ಇರಬೇಕಾದ ಒಂದು ಕ್ಷಣದ ತಡೆ ಅವರಿಗಿಲ್ಲ, ಅಷ್ಟೆ. ಎರಡು, ರೋಮಾಂಚನದ ಹಂಬಲ. ಇದು ದುಡುಕಿನಂತೆ ಕಂಡರೂ ದುಡುಕಲ್ಲ. ಕೆರೆಯ ತೂಬಿನ ಮೇಲಿಂದ ಜಿಗಿಯುವ ಹುಡುಗ ದಿನವಿಡೀ ಯೋಚಿಸಿ, ಗೆಳೆಯರನ್ನು ಸೇರಿಸಿ, ವಿಡಿಯೊ ಮಾಡಲು ಒಬ್ಬನನ್ನು ನಿಲ್ಲಿಸಿಯೇ ಜಿಗಿಯುತ್ತಾನೆ. ಅವನಿಗೆ ಬೇಕಾದದ್ದು ಆ ಝುಂ ಎನ್ನುವ ಗಳಿಗೆ. ಮೂರು, ಹತಾಶೆ. 'ನನ್ನಿಂದ ಏನೂ ಆಗಲ್ಲ ಬಿಡಿ ಮಿಸ್' ಎನ್ನುವ ಮಗು. ಗಲಾಟೆ ಮಾಡುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ನಾಲ್ಕನೆಯದು ಸ್ವಲ್ಪ ಸೂಕ್ಷ್ಮ: ಆತಂಕದ ಲಕ್ಷಣಗಳಿಗೇ ಹೆದರುವ ಸ್ವಭಾವ. ಎದೆ ಹೊಡೆದುಕೊಂಡರೆ ಸತ್ತೇಹೋಗುತ್ತೇನೋ ಎಂದುಕೊಳ್ಳುವವರು, ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ರಾತ್ರಿ ಕೈ ನಡುಗಿದ್ದಕ್ಕೇ ಇನ್ನಷ್ಟು ನಡುಗುವವರು.

ಈ ನಾಲ್ವರ ಮುಂದೆ ನಿಮ್ಮ ಜೂನ್ 26ರ ಭಾಷಣವನ್ನು ಇಟ್ಟು ನೋಡಿ. 'ಇದು ಬಹಳ ಅಪಾಯ' ಎಂದು ಸಾಹೇಬರು ಹೇಳಿದಾಗ ರೋಮಾಂಚನ ಬೇಕಾದವನ ಕಿವಿ ನೆಟ್ಟಗಾಗುತ್ತದೆ. ಅವನಿಗೆ ಅದು ಜಾಹೀರಾತು. ದುಡುಕುವವನು ಭಾಷಣವನ್ನು ಒಪ್ಪುತ್ತಾನೆ, ಪ್ರತಿಜ್ಞೆಯನ್ನೂ ಮನಸ್ಸಿಟ್ಟೇ ಮಾಡುತ್ತಾನೆ. ಆದರೆ ಸಂಜೆ ಗೆಳೆಯ ಕೈ ಚಾಚಿದ ಆ ಎರಡು ಸೆಕೆಂಡಿನಲ್ಲಿ ಪ್ರತಿಜ್ಞೆ ಅವನಿಗೆ ನೆನಪಾಗುವುದಿಲ್ಲ. 'ಬದುಕು ಹಾಳಾಗುತ್ತದೆ' ಎಂಬ ಮಾತು ಹತಾಶಳಾದ ಹುಡುಗಿಗೆ ಹೊಸ ಸುದ್ದಿಯೇ ಅಲ್ಲ. ಇನ್ನು ಆತಂಕದ ಮಗು, ಅದು ಆಗಲೇ ಹೆದರಿದೆ. ಇಂಥ ಮಕ್ಕಳು ಗಾಂಜಾದಂಥದ್ದಕ್ಕೆ ಬೇಗ ಕೈ ಹಾಕುವುದೂ ಕಡಿಮೆ. ಅವರ ಗಂಡಾಂತರ ಇರುವುದು ಮುಂದೆ, ನಡುಕ ನಿಲ್ಲಿಸಲು ಮದ್ಯವೋ ನಿದ್ರೆ ಮಾತ್ರೆಯೋ ಸಾಕು ಎಂದು ಕಂಡುಕೊಂಡ ದಿನ. ಅಂದರೆ ಹೆದರಿಸುವ ಭಾಷಣ ತಾಗುವುದು ಅದು ಬೇಕೇ ಇಲ್ಲದವರಿಗೆ.

ಕಾನ್ರಾಡ್ ತಂಡ ಮಾಡಿದ ಕೆಲಸದಲ್ಲಿ ನಿಮಗೆ ಸಂಬಂಧಪಟ್ಟದ್ದು ಒಂದಿದೆ. ಲಂಡನ್ನಿನ ಶಾಲೆಗಳಲ್ಲಿ ಅವರು ಪ್ರಶ್ನಾವಳಿಯಲ್ಲಿ ಎದ್ದು ಕಂಡ ಮಕ್ಕಳನ್ನು ಸ್ವಭಾವಕ್ಕೆ ತಕ್ಕಂತೆ ಸಣ್ಣ ಗುಂಪು ಮಾಡಿ, ತಲಾ ತೊಂಬತ್ತು ನಿಮಿಷಗಳ ಎರಡೇ ಎರಡು ಬೈಠಕ್ ನಡೆಸಿದರು. ಬೈಠಕ್ಕಿನ ಬಹುಪಾಲು ಮಾತು ಮಾದಕವಸ್ತುವಿನದಾಗಿರಲಿಲ್ಲ. ನಿನ್ನ ಸ್ವಭಾವ ಹೀಗಿದೆ, ಇದರಿಂದ ನಿನಗೆ ಒಳ್ಳೆಯದೂ ಆಗಿದೆ, ಪೆಟ್ಟೂ ಬಿದ್ದಿದೆ; ಸಿಟ್ಟು ಬಂದ ಗಳಿಗೆಯಲ್ಲಿ ತಲೆಯೊಳಗೆ ಮೊದಲು ಓಡುವ ಯೋಚನೆ ಯಾವುದು, ಅದನ್ನು ಹಿಡಿಯುವುದು ಹೇಗೆ ಎಂಬುದೇ ಪಾಠ. ನಡೆಸಿಕೊಟ್ಟವರು ಮನೋವೈದ್ಯರಲ್ಲ, ಕೆಲವೇ ದಿನಗಳ ತರಬೇತಿ ಪಡೆದ ಶಾಲೆಯ ಸಿಬ್ಬಂದಿಯೇ. 2013ರಲ್ಲಿ ಪ್ರಕಟವಾದ ಎರಡು ವರ್ಷಗಳ ಫಲಿತಾಂಶದಲ್ಲಿ ಆ ಮಕ್ಕಳ ಕುಡಿತ ಬೇರೆ ಶಾಲೆಗಳ ಅಂಥದೇ ಮಕ್ಕಳಿಗಿಂತ ಕಡಿಮೆಯಿತ್ತು. ಬೈಠಕ್ಕಿಗೇ ಬಾರದ ಉಳಿದ ಸಹಪಾಠಿಗಳ ಕುಡಿತವೂ ತಗ್ಗಿತ್ತು. ಹೆಚ್ಚು ಕುಡಿಯಬಹುದಾಗಿದ್ದ ಗೆಳೆಯ ಕುಡಿಯದೆ ಉಳಿದರೆ ಪಕ್ಕದ ಬೆಂಚಿನವನಿಗೆ ಕೈ ಚಾಚುವವನೇ ಇರುವುದಿಲ್ಲವಲ್ಲ. ಆಮೇಲೆ ಮಾಂಟ್ರಿಯಲ್ಲಿನ 31 ಶಾಲೆಗಳಲ್ಲಿ ಮಕ್ಕಳನ್ನು ಐದು ವರ್ಷ ಹಿಂಬಾಲಿಸಿದರು. ಬಳಕೆ ವ್ಯಸನವಾಗಿ ಬಲಿಯುವ ಸಾಧ್ಯತೆ ವಯಸ್ಸಿನ ಜೊತೆ ಏರುವುದು ಸಹಜ. ಈ ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಆ ಏರಿಕೆ ನಿಧಾನವಾಗಿತ್ತು ಎಂದು 2025ರಲ್ಲಿ ವರದಿಯಾಯಿತು.

ಈಗ ಲಿಸ್ಟಿನ ಮಾತು. ಲಂಡನ್ ಅಧ್ಯಯನದಲ್ಲಿ ನಾಲ್ಕರಲ್ಲಿ ಒಂದಾದರೂ ಸ್ವಭಾವದಲ್ಲಿ ಎದ್ದು ಕಂಡ ಮಕ್ಕಳು ಎಷ್ಟಿದ್ದರು ಗೊತ್ತೇ? ಹತ್ತಿರ ಹತ್ತಿರ ಅರ್ಧದಷ್ಟು. 'ಹಾಳಾಗಬಹುದಾದ' ಮಕ್ಕಳ ಲಿಸ್ಟು ಬೇಕೆಂದರೆ ಅರ್ಧ ಹಾಜರಿ ಪುಸ್ತಕವನ್ನೇ ಬರೆದುಕೊಡಬೇಕಾಗುತ್ತದೆ. ಅದರಲ್ಲಿ ಬಹುಪಾಲು ಮಕ್ಕಳು ಯಾವ ವ್ಯಸನಕ್ಕೂ ಬೀಳುವುದಿಲ್ಲ. ಅವರಲ್ಲೇ ಒಬ್ಬ ನಾಳೆ ಅಗ್ನಿಶಾಮಕ ದಳ ಸೇರುತ್ತಾನೆ, ಒಬ್ಬಳು ರಂಗಭೂಮಿಗೆ ಹೋಗುತ್ತಾಳೆ. ಸ್ವಭಾವ ಹಣೆಬರಹವಲ್ಲ. ಅದೊಂದು ಹಿಡಿಕೆ, ಹಿಡಿಯಬಲ್ಲವರ ಕೈಗೆ ಸಿಕ್ಕರೆ ಉಪಯೋಗ, ಹೆಸರು ಹಚ್ಚುವವರ ಕೈಗೆ ಸಿಕ್ಕರೆ ಬರೆ.

ನಾಲ್ಕರಲ್ಲಿ ದುಡುಕಿನ ಬಗ್ಗೆ ಇನ್ನಷ್ಟು ಹೇಳಬೇಕು. ನಮ್ಮ ಶಾಲೆಗಳು ಹೊರಗೆ ಹಾಕುವುದು ಈ ಮಕ್ಕಳನ್ನೇ. ಕದ್ದುಮುಚ್ಚಿ ಮಾಡುವ ಜಾಣತನ ಅವರಿಗೆ ಇರುವುದಿಲ್ಲ, ಮೊದಲು ಸಿಕ್ಕಿಬೀಳುವವರು ಅವರೇ.

ನ್ಯೂಜಿಲೆಂಡಿನ ಡನೀಡಿನ್ ಎಂಬ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರದ ಮೂವತ್ತೇಳು ಮಕ್ಕಳನ್ನು ಸಂಶೋಧಕರು ಇಂದಿಗೂ ಹಿಂಬಾಲಿಸುತ್ತಿದ್ದಾರೆ. ಮೂರರಿಂದ ಹನ್ನೊಂದನೇ ವಯಸ್ಸಿನೊಳಗೆ ಅವರ ಸ್ವನಿಯಂತ್ರಣ ಎಷ್ಟಿದೆ ಎಂದು ಅಪ್ಪ-ಅಮ್ಮ, ಶಿಕ್ಷಕರು, ಸಂಶೋಧಕರು ಮತ್ತು ಸ್ವತಃ ಮಕ್ಕಳು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದರು. ಮೂವತ್ತೆರಡನೇ ವಯಸ್ಸಿಗೆ ಬಂದಾಗ ನೋಡಿದರೆ, ಚಿಕ್ಕಂದಿನಲ್ಲಿ ತಡೆ ಕಡಿಮೆಯಿದ್ದವರಲ್ಲಿ ಆರೋಗ್ಯದ ತೊಂದರೆ, ಸಾಲದ ತೊಂದರೆ, ಮಾದಕವಸ್ತುವಿನ ಅವಲಂಬನೆ, ಪೊಲೀಸ್ ಕೇಸು ಎಲ್ಲವೂ ಹೆಚ್ಚು. ಮನೆಯ ಬಡತನ, ಮಗುವಿನ ಬುದ್ಧಿಮಟ್ಟ ಇವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೀಗೇ. 2011ರಲ್ಲಿ ಟೆರ್ರಿ ಮಾಫಿಟ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ ಅದೇ ಲೇಖನದಲ್ಲಿ ಬ್ರಿಟನ್ನಿನ ಅವಳಿ ಮಕ್ಕಳ ಲೆಕ್ಕವನ್ನೂ ಕೊಟ್ಟಿದ್ದರು. ಒಂದೇ ತಾಯಿ, ಒಂದೇ ಮನೆ, ಒಂದೇ ದಿನದ ಹುಟ್ಟು. ಆದರೂ ಐದನೇ ವಯಸ್ಸಿನಲ್ಲಿ ತಡೆ ಕಡಿಮೆಯಿದ್ದ ಅವಳಿ ಹನ್ನೆರಡಕ್ಕೆ ಸಿಗರೇಟು ಸೇದುವ ಸಾಧ್ಯತೆ ಇನ್ನೊಂದಕ್ಕಿಂತ ಹೆಚ್ಚಿತ್ತು. 'ಅವರ ಅಣ್ಣ ನೋಡಿ ಎಷ್ಟು ಒಳ್ಳೆಯವನು, ಇವನ್ಯಾಕೆ ಹೀಗೆ' ಎಂದು ತಾಯಿಯನ್ನು ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಕೇಳುತ್ತೀರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ದಯವಿಟ್ಟು ಇನ್ನು ಮೇಲೆ ಹಾಗೆ ಕೇಳಬೇಡಿ.

ಡನೀಡಿನ್ನಿನದು ಕೆಟ್ಟ ಸುದ್ದಿಯಷ್ಟೇ ಅಲ್ಲ. ನಡುವೆ ಸ್ವನಿಯಂತ್ರಣ ಸುಧಾರಿಸಿದ ಮಕ್ಕಳಿದ್ದರು. ಅವರ ಬದುಕು ಮೊದಲಿನ ಅಂಕಿ ಹೇಳಿದ್ದಕ್ಕಿಂತ ಚೆನ್ನಾಗಿ ಸಾಗಿತ್ತು. ಇನ್ನೊಂದು ವಿಷಯ: ದುಡುಕಿನ ಮಕ್ಕಳನ್ನು ಕೆಡಿಸಿದ್ದರಲ್ಲಿ ಹದಿಹರೆಯದ ಕೆಲವು ಉರುಲುಗಳ ಪಾಲು ದೊಡ್ಡದು. ಹದಿನೈದರೊಳಗೆ ಸಿಗರೇಟು ಹಿಡಿಯುವುದು, ಎಳೆ ವಯಸ್ಸಿನಲ್ಲಿ ತಾಯ್ತಂದೆಯಾಗುವುದು, ಮತ್ತು ಓದು ಮುಗಿಸದೆ ಶಾಲೆ ಬಿಡುವುದು. ಮೂರನೆಯದನ್ನು ಇನ್ನೊಮ್ಮೆ ಓದಿ. ಸಿಗರೇಟು ಹಿಡಿದನೆಂದು ಶಾಲೆಯಿಂದ ಕಳಿಸಿದರೆ, ಒಂದು ಉರುಲಿಗೆ ಸಿಕ್ಕಿದ ಮಗುವಿಗೆ ಇನ್ನೊಂದನ್ನು ನಾವೇ ಕೈಯಾರೆ ಹಾಕಿದ ಹಾಗೆ.

ವಯಸ್ಸಿನ ಪಾತ್ರವೂ ಇದೆ. ಅಮೆರಿಕದ ಲಾರೆನ್ಸ್ ಸ್ಟೈನ್‌ಬರ್ಗ್ ತಂಡ ಹತ್ತರಿಂದ ಮೂವತ್ತು ವರ್ಷದೊಳಗಿನ 935 ಮಂದಿಯನ್ನು ಪರೀಕ್ಷಿಸಿ 2008ರಲ್ಲಿ ಹೇಳಿದ್ದು ಇಷ್ಟು: ದುಡುಕು ಹತ್ತನೇ ವಯಸ್ಸಿನಿಂದ ಮೂವತ್ತರವರೆಗೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ರೋಮಾಂಚನದ ಹಂಬಲ ಮಾತ್ರ ಹದಿನೈದರ ಆಸುಪಾಸಿನವರೆಗೆ ಏರುತ್ತದೆ. ತಡೆ ಇನ್ನೂ ಬಲಿತಿಲ್ಲ, ಹಂಬಲ ಆಗಲೇ ತುದಿ ಮುಟ್ಟಿದೆ. ಆ ಅಂತರದ ವರ್ಷಗಳು ಯಾವುವು? ನಿಮ್ಮ ಎಂಟು, ಒಂಬತ್ತು, ಹತ್ತು. ಅದಕ್ಕೂ ಮೊದಲು 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಒಂದು ಕಾರು ಓಡಿಸುವ ವಿಡಿಯೊ ಆಟ ಆಡಿಸಿದ್ದರು. ಒಬ್ಬರೇ ಆಡುವಾಗ ಹದಿಹರೆಯದವರು ದೊಡ್ಡವರಿಗಿಂತ ತೀರಾ ಬೇರೆಯೇನೂ ಆಗಿರಲಿಲ್ಲ. ಗೆಳೆಯರು ನೋಡುತ್ತಿರುವಾಗ ಅವರ ಅಪಾಯದ ನಡೆಗಳು ದುಪ್ಪಟ್ಟಿನ ಹತ್ತಿರಕ್ಕೆ ಹೋದವು. ದೊಡ್ಡವರಲ್ಲಿ ಏನೂ ಬದಲಾಗಲಿಲ್ಲ. ಒಬ್ಬನೇ ನಿಮ್ಮ ಮುಂದೆ ಬಂದು ಅತ್ತು 'ಇನ್ಮೇಲೆ ಮಾಡಲ್ಲ ಸಾರ್' ಎನ್ನುವ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ. ಆ ಹೊತ್ತಿಗೆ ಅವನು ಒಬ್ಬನೇ ಇರುತ್ತಾನೆ, ಅಷ್ಟೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು. ದುಡುಕಿನಂತೆ ಕಾಣುವುದೆಲ್ಲ ದುಡುಕಲ್ಲ. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೊ ಮಿಠಾಯಿ ಇಟ್ಟು, ಕಾದರೆ ಎರಡು ಕೊಡುತ್ತೇನೆ ಎನ್ನುವ ಹಳೆಯ ಪ್ರಯೋಗದ ಬಗ್ಗೆ ಬಿ.ಇಡಿ.ಯಲ್ಲಿ ಓದಿರುತ್ತೀರಿ. 2013ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಅದಕ್ಕೆ ಒಂದು ತಿರುವು ಕೊಟ್ಟರು. ಮಿಠಾಯಿಗೆ ಮೊದಲು ಮಕ್ಕಳಿಗೆ ಚಿತ್ರ ಬಿಡಿಸಲು ಕೊಟ್ಟು, ಒಳ್ಳೆಯ ಬಣ್ಣಗಳನ್ನು ತಂದುಕೊಡುತ್ತೇನೆ ಎಂದು ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ಮಾತಿನಂತೆ ತಂದರು. ಉಳಿದರ್ಧಕ್ಕೆ 'ಅಯ್ಯೋ, ಮುಗಿದುಹೋಗಿದೆ' ಎಂದು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟಾಗ ಮೊದಲ ಗುಂಪಿನ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಎರಡನೆಯ ಗುಂಪಿನವರು ಮೂರು ನಿಮಿಷ. ಕೇವಲ 28 ಮಕ್ಕಳ ಪುಟ್ಟ ಪ್ರಯೋಗ, ನಿಜ. ಆದರೂ ಇದು ಹೇಳುವ ಮಾತು ನನಗೆ ಬಹಳ ದೊಡ್ಡದು. ಅಪ್ಪ ಸಂಬಳದ ದಿನ ಬರಿಗೈಯಲ್ಲಿ ಬರುವ ಮನೆಯಲ್ಲಿ, 'ನಾಳೆ ಕೊಡಿಸ್ತೀನಿ' ಎಂಬುದು ಎಂದೂ ಬಾರದ ನಾಳೆಯಾಗಿರುವ ಮನೆಯಲ್ಲಿ ಬೆಳೆದ ಮಗು ಸಿಕ್ಕಿದ್ದನ್ನು ಸಿಕ್ಕಾಗಲೇ ಕಿತ್ತುಕೊಳ್ಳುವುದು ಲೆಕ್ಕಾಚಾರವೇ. ಅಂಥ ಮಗುವಿಗೆ 'ಭವಿಷ್ಯ ಹಾಳಾಗುತ್ತದೆ' ಎಂದರೆ ಯಾವ ಭವಿಷ್ಯ? ಆ ಮಗುವಿಗೆ ಶಾಲೆಯಲ್ಲಿ ನೀವು ಕೊಡಬಹುದಾದ ಮೊದಲ ಔಷಧ, ಆಡಿದ ಮಾತನ್ನು ನಡೆಸುವುದು. ಶನಿವಾರ ಆಟಕ್ಕೆ ಬಿಡುತ್ತೇನೆ ಎಂದರೆ ಬಿಡಿ. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಳ್ಳಬೇಡಿ. ರೋಮಾಂಚನ ಬೇಕಾದ ಹುಡುಗನಿಗೆ ಕಬಡ್ಡಿ ಅಂಕಣವೋ ಪ್ರತಿಭಾ ಕಾರಂಜಿಯ ವೇದಿಕೆಯೋ ಬಿಟ್ಟರೆ ಶಾಲೆಯಲ್ಲಿ ಬೇರೆ ಜಾಗವೇ ಇಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ನಾವು ಮೊದಲು ಕಿತ್ತುಕೊಳ್ಳುವುದು ಅದನ್ನೇ.

ಮನೆಯ ಮಾತು ಬಂದದ್ದರಿಂದ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಗತಿಯನ್ನೂ ಹೇಳಿಬಿಡುತ್ತೇನೆ. ಡಾ. ವಿವೇಕ್ ಬೆನೆಗಲ್ ಮತ್ತು ಅವರ ತಂಡ ಬಹಳ ಕಾಲದಿಂದ ಮದ್ಯವ್ಯಸನಿ ತಂದೆಯರ ಮಕ್ಕಳನ್ನು ಅಧ್ಯಯನ ಮಾಡಿಕೊಂಡು ಬಂದಿದೆ. ಆ ಮಕ್ಕಳಲ್ಲಿ ಚಡಪಡಿಕೆ, ದುಡುಕು, ಗಮನ ನಿಲ್ಲದಿರುವುದು ಬೇರೆ ಮಕ್ಕಳಿಗಿಂತ ಹೆಚ್ಚು. ಅದೂ ಸ್ವತಃ ಅವರು ಕುಡಿಯಲು ಶುರು ಮಾಡುವ ಮೊದಲೇ. ಮುಂದೆ ಇದೇ ಬೆಂಗಳೂರನ್ನು ನಡುವಾಗಿಟ್ಟುಕೊಂಡು ಭಾರತ–ಬ್ರಿಟನ್ ಜಂಟಿ ಅಧ್ಯಯನ 'ಸಿ-ವೇದ' ಶುರುವಾಯಿತು. ಆರರಿಂದ ಇಪ್ಪತ್ಮೂರು ವರ್ಷದೊಳಗಿನ ಸುಮಾರು ಹತ್ತು ಸಾವಿರ ಮಂದಿಯ ಗುರಿ. ಅಧ್ಯಯನದ ಜಾಗಗಳು ಬೆಂಗಳೂರು, ಮೈಸೂರು, ರಿಷಿವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲ್. ಹೊರದೇಶದ ಅಂಕಿ ನಮ್ಮ ಮಕ್ಕಳಿಗೆ ಎಷ್ಟು ಹೊಂದುತ್ತದೆ ಎಂಬ ನಿಮ್ಮ ಅನುಮಾನ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ಅಂಗಳದಲ್ಲೇ ನಡೆದಿದೆ. ತರಗತಿಯಲ್ಲಿ ನಿಮ್ಮ ತಾಳ್ಮೆ ಕೆಡಿಸುವ ಹುಡುಗನ ಅಪ್ಪ ಸಂಜೆ ಹೇಗೆ ಮನೆಗೆ ಬರುತ್ತಾನೆ ಎಂಬುದು ನಿಮಗೆ ಗೊತ್ತಿರಲಿ. ಗೊತ್ತಿದ್ದರೆ, ಹುಡುಗನ ತಪ್ಪಿಗೆ 'ನಾಳೆ ಅಪ್ಪನ್ನ ಕರ್ಕೊಂಡು ಬಾ' ಎನ್ನುವ ಮೊದಲು ಒಮ್ಮೆ ತಡೆಯುತ್ತೀರಿ.

'ನಮ್ಮ ಶಾಲೆಯಲ್ಲಿ ಅಂಥದ್ದೇನೂ ಇಲ್ಲ' ಎಂಬ ಮಾತನ್ನೂ ಕೇಳಿದ್ದೇನೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿಮೂರರಿಂದ ಹದಿನೈದು ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ಶೇ. 8.5, ಕರ್ನಾಟಕದಲ್ಲಿ ಶೇ. 1.2. ನಮ್ಮದು ಕಡಿಮೆ, ಸಂತೋಷ. ಆದರೆ ಅದೇ ಸಮೀಕ್ಷೆ ಹೇಳುವ ಇನ್ನೊಂದು ಮಾತು: ದೇಶದಲ್ಲಿ ಜಗಿಯುವ ತಂಬಾಕು ಬಳಸುವ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅದನ್ನು ಮೊದಲ ಸಲ ಬಾಯಿಗಿಟ್ಟುಕೊಂಡದ್ದು ಹತ್ತು ತುಂಬುವ ಮೊದಲು. ಅಂದರೆ ಪ್ರೌಢಶಾಲೆಗೆ ಬರುವ ಹೊತ್ತಿಗೆ ಆ ಮಗು ಹೊಸಬನಲ್ಲ. ಅದೇ ವರ್ಷ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಟವಾಯಿತು. ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ವಸ್ತು ಒಂದೇ ಒಂದು, ಮೂಸುವಂಥದ್ದು. ಹತ್ತರಿಂದ ಹದಿನೇಳರವರಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್. ಜೇಬಿನಲ್ಲಿ ಸಿಕ್ಕರೂ ನಾವು ಅನುಮಾನಪಡದ ವಸ್ತುಗಳು. ಅಗ್ಗ, ಅಂಗಡಿಯಲ್ಲಿ ಸಿಗುತ್ತದೆ, ಮತ್ತು ಮೊದಲ ಸಲವೇ ಹೃದಯದ ಬಡಿತ ತಪ್ಪಿಸಿ ಕೊಲ್ಲಬಲ್ಲದು. ಮೂಗು-ಬಾಯಿಯ ಸುತ್ತ ಗುಳ್ಳೆ, ಕರ್ಚೀಫಿನಲ್ಲಿ ಘಾಟು ವಾಸನೆ, ಮಧ್ಯಾಹ್ನದ ಮೇಲೆ ತೂಕಡಿಕೆ ಕಂಡರೆ ಪಕ್ಕಕ್ಕೆ ಕರೆದು ಕೇಳಿ. ಎಲ್ಲರ ಮುಂದೆ ಬ್ಯಾಗು ಸುರಿಸಬೇಡಿ.

ಅಂಗಡಿಯ ಮಾತಿಗೆ ದುಡುಕಿನ ಸಂಬಂಧವಿದೆ. ಯೋಜನೆ ಹಾಕಿ ಮಾಡುವವನಿಗೆ ಒಂದು ಕಿಲೋಮೀಟರ್ ದೊಡ್ಡದಲ್ಲ. ದುಡುಕುವವನಿಗೆ ನೂರು ಹೆಜ್ಜೆಯೂ ದೊಡ್ಡದು. ಅಷ್ಟು ನಡೆಯುವುದರೊಳಗೆ ಅವನ ಮನಸ್ಸು ಬೇರೆ ಕಡೆ ಹಾರಿರುತ್ತದೆ. ಹಾಗಾಗಿ ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದು ಎಂಬ 2003ರ ಕೇಂದ್ರ ಕಾಯ್ದೆಯ ನಿಯಮವನ್ನು ನಾಮಫಲಕಕ್ಕೆ ಬಿಟ್ಟುಬಿಡಬೇಡಿ. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದೆ. ಈಗ ಇಪ್ಪತ್ತೊಂದು ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ. ಬಿಡಿ ಸಿಗರೇಟಿನ ನಿಷೇಧವೇ ನನಗೆ ಮುಖ್ಯವೆನಿಸುತ್ತದೆ. ಮಗುವಿನ ಜೇಬಿನಲ್ಲಿರುವ ಚಿಲ್ಲರೆಗೆ ಸಿಗುವುದು ಒಂದು ಸಿಗರೇಟು, ಪ್ಯಾಕು ಅಲ್ಲ. ಇ-ಸಿಗರೇಟಂತೂ 2019ರಿಂದ ದೇಶದಲ್ಲೇ ನಿಷೇಧ. ಮಗುವಿಗೆ ಮದ್ಯವನ್ನೋ ತಂಬಾಕನ್ನೋ ಮಾದಕವಸ್ತುವನ್ನೋ ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಈ ಕಲಮು ಶಿಕ್ಷಿಸುವುದು ಕೊಟ್ಟವನನ್ನು. ನಮ್ಮ ಊರುಗಳಲ್ಲಿ ಗೂಡಂಗಡಿಯವನು ಎಸ್‌ಡಿಎಂಸಿ ಸದಸ್ಯನ ನೆಂಟನಾಗಿ ಹಾಯಾಗಿರುತ್ತಾನೆ, ಕೊಂಡ ಹುಡುಗ ಮನೆಯಲ್ಲಿ ಕೂರುತ್ತಾನೆ.

ಕಾನೂನಿನದೇ ಇನ್ನೊಂದು ಮಾತು: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು ಹಾಗೆ ಹೇಳುತ್ತದೆ. 'ಪೋಷಕರೇ ಕೇಳಿದರು' ಎಂದು ಅರ್ಜಿ ಬರೆಸಿಕೊಂಡು ಕೊಡುವ ಟಿ.ಸಿ. ಏನೆಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಒಂಬತ್ತು-ಹತ್ತರ ಮಕ್ಕಳಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಅವರಿಗೆ ನೀವೇ ದಿಕ್ಕು.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ನಮೂದು, ಇವುಗಳ ನಡುವೆ ಮನೋವೈದ್ಯರ ಕೆಲಸವನ್ನೂ ನಿಮ್ಮ ಹೆಗಲಿಗೆ ಹಾಕಲು ನನಗೆ ಮನಸ್ಸಿಲ್ಲ. ನಿಮ್ಮಿಂದ ಬೇಕಾದದ್ದು ಮಗುವನ್ನು ನೋಡುವ ಕಣ್ಣು, ಮತ್ತು ನೋಡಿದ್ದನ್ನು ಸರಿಯಾದ ಕಡೆ ಮುಟ್ಟಿಸುವುದು. ಗಮನ ನಿಲ್ಲದೆ, ಕೂತಲ್ಲಿ ಕೂರದೆ, ಚಿಕ್ಕಂದಿನಿಂದಲೂ ಹಾಗೇ ಇರುವ ಮಗುವಿಗೆ ಎಡಿಎಚ್‌ಡಿ ಇರಬಹುದು. ಅದು ಇರುವ ಮಕ್ಕಳಲ್ಲಿ ಮುಂದೆ ವ್ಯಸನದ ಸಾಧ್ಯತೆ ಹೆಚ್ಚು. ಚಿಕಿತ್ಸೆ ಕೊಟ್ಟರೆ ಮಗು ಮಾತ್ರೆಗೇ ದಾಸನಾಗುತ್ತದೆ ಎಂದು ತಂದೆ-ತಾಯಿ ಹೆದರುತ್ತಾರೆ. ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಈ ಮಾತನ್ನು ವೈದ್ಯರಿಗಿಂತ ಮೊದಲು ನೀವು ಹೇಳಿದರೆ ಅವರು ಕೇಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮೇಷ್ಟ್ರ ಮಾತಿಗೆ ಇನ್ನೂ ಬೆಲೆಯಿದೆ.

ಮುಟ್ಟಿಸುವ ಜಾಗಗಳು ದೂರವಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಇಡೀ ದೇಶದಲ್ಲಿ ಇವತ್ತು ಏನು ನಡೆಯುತ್ತಿದೆಯೋ ಅದರ ಮಾದರಿ ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲೇ ಕಟ್ಟಿದ್ದು. ಎಷ್ಟು ಜನ ಶಿಕ್ಷಕರಿಗೆ ಅದು ಗೊತ್ತೋ ಕಾಣೆ. ತಾಲ್ಲೂಕು ಆಸ್ಪತ್ರೆಗಳಿಗೆ ಸರದಿಯಂತೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ವ್ಯವಸ್ಥೆಯೂ ಇದೆ. ಟೆಲಿ-ಮಾನಸ್ 14416, ಮಾದಕವ್ಯಸನ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098; ಮೂರಕ್ಕೂ ಕಾಸು ಬೇಡ. ಈ ಮೂರು ಸಂಖ್ಯೆಗಳನ್ನು ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯಲ್ಲಿ ಬರೆಸಬೇಡಿ. ಮಕ್ಕಳು ಒಬ್ಬರೇ ಓದಬಹುದಾದ ಕಡೆ, ಶೌಚಾಲಯದ ಬಾಗಿಲಿನ ಒಳಮೈಯಲ್ಲಿ ಅಂಟಿಸಿ.

ಕೊನೆಯದಾಗಿ ಒಂದು ಬೇಡಿಕೆ. ಲಂಡನ್ನಿನ ಶಾಲಾ ಸಿಬ್ಬಂದಿ ಮಾಡಿದ್ದು ನಮ್ಮ ಮೇಷ್ಟ್ರುಗಳಿಗೆ ಆಗದ ಕೆಲಸವೇನಲ್ಲ, ಆದರೆ ತರಬೇತಿಯಿಲ್ಲದೆ ಯಾರೂ ಅದಕ್ಕೆ ಕೈ ಹಾಕಬಾರದು. ಅಂತರ್ಜಾಲದಿಂದ ಪ್ರಶ್ನಾವಳಿ ಇಳಿಸಿಕೊಂಡು ಮಕ್ಕಳಿಗೆ ಅಂಕ ಹಾಕುವ ಉತ್ಸಾಹವಂತೂ ಬೇಡವೇ ಬೇಡ. ಶಿಕ್ಷಕರಿಗೆ ತರಬೇತಿ ಕೊಡುವುದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಲಸಗಳಲ್ಲೇ ಸೇರಿದೆ. ಕೇಳದಿದ್ದರೆ ಅವರು ಬರುವುದಿಲ್ಲ. ಈ ತಿಂಗಳ ಸ್ಟಾಫ್ ಮೀಟಿಂಗಿನಲ್ಲಿ ಮಕ್ಕಳು ಹೆದರದೆ ಹತ್ತಿರ ಹೋಗುವ ಒಬ್ಬ ಮೇಷ್ಟ್ರನ್ನೋ ಮೇಡಮ್ಮನ್ನೋ ಆರಿಸಿ. ಅವರ ಹೆಸರು ಬರೆದು, ನಮ್ಮ ಶಾಲೆಗೆ ತರಬೇತಿ ಕೊಡಿ ಎಂದು ಜಿಲ್ಲಾಸ್ಪತ್ರೆಯ ಆ ವಿಭಾಗಕ್ಕೆ ಮುಖ್ಯ ಶಿಕ್ಷಕರ ಸಹಿಯಿರುವ ಒಂದು ಪತ್ರ ಕಳಿಸಿ. ಉತ್ತರ ಬಾರದಿದ್ದರೆ ಮುಂದಿನ ತಿಂಗಳು ಇನ್ನೊಂದು ಬರೆಯಿರಿ.

ಇಂತಿ ನಿಮ್ಮ ವಿಶ್ವಾಸದ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ